ಪ್ಲಾಸ್ಟಿಕ್ಕಿಗೂ ಕಲಾಯಿ

ಬೀದಿಯ ತುದಿಯಲ್ಲಿ ‘ಕಲಾಯಿ, ಪಾತ್ರೆಗೆ ಕಲಾಯೀ’ ಎಂಬ ಕೂಗು ಕೇಳಿಸಿದರೆ ಸಾಕು, ಮನೆ ಮನೆಯ ಹೆಂಗಸರು ಹಿತ್ತಾಳೆಯ ಕೊಳಗ, ತಾಮ್ರದ ತಪ್ಪಲೆಗಳನ್ನು ಜಗಲಿಗೆ ತಂದಿಡುತ್ತಿದ್ದ ಕಾಲವೊಂದಿತ್ತು. ಕಲಾಯಿಯವನು ಮರದ ನೆರಳಿನಲ್ಲಿ ಸಣ್ಣದೊಂದು ಗುಂಡಿ ತೋಡಿ, ಇದ್ದಿಲು ತುಂಬಿ, ತಿದಿಯೊತ್ತಿ ಕೆಂಡ ಮಾಡಿ ಪಾತ್ರೆಯನ್ನು ಕಾಯಿಸುತ್ತಿದ್ದ. ನವಸಾಗರದ ಪುಡಿ ಎರಚಿದೊಡನೆ ಬಿಳಿಯ ಹೊಗೆ ಬುಸ್ಸೆಂದು ಏಳುತ್ತಿತ್ತು. ತವರದ ಕಡ್ಡಿಯನ್ನು ಅಲ್ಲಲ್ಲಿ ತಾಗಿಸಿ ಬಟ್ಟೆಯ ಮುದ್ದೆಯಿಂದ ಒಮ್ಮೆ ಬಳಿದನೆಂದರೆ ಕಪ್ಪಗಿದ್ದ ಪಾತ್ರೆಯ ಒಡಲು ಬೆಳ್ಳಿಯಂತೆ ಬೆಳಗುತ್ತಿತ್ತು. ಸುತ್ತ ನೆರೆದ ಮಕ್ಕಳಿಗೆ ಅದು ಜಾದೂ.

ಜಾದೂವಿನ ಹಿಂದೆ ಇದ್ದದ್ದು ಸರಳವಾದ ಲೋಹವಿದ್ಯೆ. ಹುಣಿಸೆಹುಳಿ ತಾಮ್ರಕ್ಕೆ ತಾಗಿದರೆ ಕಿಲುಬು ಏಳುತ್ತದೆ. ತವರದ ಪೊರೆ ಅದನ್ನು ತಡೆಯುತ್ತದೆ. ನವಸಾಗರವು ತಾಮ್ರದ ಮೇಲಿನ ಮಸಿಯಂಥ ಆಕ್ಸೈಡನ್ನು ಕಿತ್ತು ಹಾಕುತ್ತದೆ. ತವರ 232 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಹರಿಯುತ್ತದೆ. ಹರಿದ ತವರವು ತಾಮ್ರದ ಮೇಲೆ ಸುಮ್ಮನೆ ಕೂರುವುದಿಲ್ಲ. ಎರಡೂ ಸೇರುವ ಗಡಿಯಲ್ಲಿ ತಾಮ್ರ ತವರಗಳ ಮಿಶ್ರಲೋಹದ ತೆಳುವಾದ ಪದರವೊಂದು ಹುಟ್ಟುತ್ತದೆ. ಲೋಹಕ್ಕೆ ಲೋಹ ಬೆಸೆದುಕೊಳ್ಳುವ ಈ ಗುಣದಿಂದಲೇ ಕಲಾಯಿ ನಿಲ್ಲುತ್ತದೆ. ತಿಂಗಳುಗಟ್ಟಲೆ ಸೌಟು ಉಜ್ಜಿ ಉಜ್ಜಿ ಸವೆದ ಮೇಲೆ ಕಲಾಯಿಯವನ ಕೂಗಿಗೆ ಮತ್ತೆ ಕಾಯಬೇಕು, ಅಷ್ಟೇ.

ಸ್ಟೀಲ್ ಪಾತ್ರೆಗಳು ಬಂದ ಮೇಲೆ ಆ ಕೂಗು ಅಪರೂಪವಾಯಿತು. ಆದರೆ ಕಲಾಯಿ ಮನೆಯನ್ನು ಬಿಟ್ಟು ಹೋಗಲಿಲ್ಲ. ವೇಷ ಬದಲಿಸಿಕೊಂಡು ಬೇರೆ ಬಾಗಿಲಿನಿಂದ ಒಳಗೆ ಬಂತು. ಬಚ್ಚಲುಮನೆಯ ಷವರಿನ ತಲೆ, ಮಿಕ್ಸಿಯ ತಿರುಗಣೆ, ಫ್ರಿಜ್ಜಿನ ಹಿಡಿಕೆ, ಬಟ್ಟೆ ಒಗೆಯುವ ಯಂತ್ರದ ಬಾಗಿಲಿನ ಬಳೆ, ಕಾರಿನ ಮುಂಭಾಗದ ಜಾಲರಿ ಇವೆಲ್ಲ ಕನ್ನಡಿಯಂತೆ ಹೊಳೆಯುತ್ತವೆ. ಕಣ್ಣಿಗೆ ಅಪ್ಪಟ ಲೋಹ. ಕೈಯಲ್ಲಿ ಹಿಡಿದರೆ ಮಾತ್ರ ಹಗುರ, ಉಗುರಿನಿಂದ ಬಡಿದರೆ ‘ಟಣ್’ ಎನ್ನುವ ಬದಲು ‘ಟಕ್’ ಎನ್ನುತ್ತದೆ. ಇವುಗಳಲ್ಲಿ ಬಹುಪಾಲು ಒಳಗೆ ಪ್ಲಾಸ್ಟಿಕ್ಕು, ಹೊರಗೆ ಲೋಹದ ಕಲಾಯಿ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಪ್ಲಾಸ್ಟಿಕ್ಕನ್ನು ಕೆಂಡದ ಮೇಲೆ ಹಿಡಿಯುವಂತಿಲ್ಲ. ಈ ಕೆಲಸಕ್ಕೆ ಹೆಚ್ಚಾಗಿ ಬಳಸುವ ಎ.ಬಿ.ಎಸ್. ಎಂಬ ಪ್ಲಾಸ್ಟಿಕ್ಕು ನೀರು ಕುದಿಯುವ ಶಾಖದ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಅದು ವಿದ್ಯುತ್ತನ್ನು ಹರಿಯಗೊಡುವುದಿಲ್ಲ, ಆದ್ದರಿಂದ ಮಾಮೂಲಿನ ವಿದ್ಯುಲ್ಲೇಪನವೂ ನಡೆಯದು. ಅದಕ್ಕೂ ಲೋಹಕ್ಕೂ ಹುಟ್ಟಿನಿಂದಲೇ ನಂಟಿಲ್ಲ, ಒಂದರೊಳಗೊಂದು ಬೆರೆಯುವುದಿಲ್ಲ. ಹಾಗಿದ್ದ ಮೇಲೆ ಗಡಸಾದ ಲೋಹ ಮೆದುವಾದ ಪ್ಲಾಸ್ಟಿಕ್ಕನ್ನು ಹಿಡಿದುಕೊಂಡಿರುವುದು ಹೇಗೆ? ಬಹಳ ಕಾಲ ಹಲವರು ತಲೆ ಕೆಡಿಸಿಕೊಂಡದ್ದು ಈ ಹಿಡಿತದ ಸಮಸ್ಯೆಗಾಗಿಯೇ.

ಇಷ್ಟು ಕಷ್ಟಪಡುವ ಅಗತ್ಯವಾದರೂ ಏನಿತ್ತು ಎಂದರೆ, ತೂಕ. ಒಂದು ಘನ ಸೆಂಟಿಮೀಟರ್ ಎ.ಬಿ.ಎಸ್. ಒಂದು ಗ್ರಾಮಿಗಿಂತ ಕೊಂಚವೇ ಹೆಚ್ಚು ತೂಗುತ್ತದೆ. ಅಷ್ಟೇ ಗಾತ್ರದ ಸತುವಿನ ಮಿಶ್ರಲೋಹ ಆರೂವರೆ ಗ್ರಾಮಿನಷ್ಟು, ಉಕ್ಕು ಎಂಟು ಗ್ರಾಮಿನ ಸಮೀಪ. ಪ್ಲಾಸ್ಟಿಕ್ಕನ್ನು ಅಚ್ಚಿಗೆ ಸುರಿದು ಬೇಕಾದ ಆಕಾರಕ್ಕೆ ತರುವುದು ಸುಲಭ, ಅದಕ್ಕೆ ತುಕ್ಕಿನ ಭಯವಿಲ್ಲ. 1973ರ ತೈಲ ಬಿಕ್ಕಟ್ಟಿನ ತರುವಾಯ ಕಾರು ತಯಾರಕರು ಗ್ರಾಂ ಗ್ರಾಂ ತೂಕಕ್ಕೂ ಲೆಕ್ಕ ಹಾಕತೊಡಗಿದಾಗ ಇದು ದೊಡ್ಡ ಆಕರ್ಷಣೆಯಾಯಿತು. ಆದರೆ ಬರಿಯ ಪ್ಲಾಸ್ಟಿಕ್ಕಿಗೆ ಬೀಗದ ಕೈ ತಾಗಿದರೆ ಗೀರು, ಪೆಟ್ರೋಲು ಬಿದ್ದರೆ ಕಲೆ. ಬಿಸಿಲಿಗೆ ವರ್ಷಗಟ್ಟಲೆ ಬಿದ್ದರೆ ಹಳದಿಗಟ್ಟಿ ಬಿರುಕು ಬಿಡುತ್ತದೆ. ಒಡಲು ಪ್ಲಾಸ್ಟಿಕ್ಕಿನದಾಗಿರಬೇಕು, ಚರ್ಮ ಲೋಹದ್ದಾಗಿರಬೇಕು ಎಂಬ ಆಸೆ ಹೀಗೆ ಬಲವಾಯಿತು.

ವಿದ್ಯುತ್ತು ಹರಿಯದ ವಸ್ತುವಿಗೆ ಲೋಹದ ಅಂಗಿ ತೊಡಿಸುವ ಯತ್ನ ಪ್ಲಾಸ್ಟಿಕ್ಕಿಗಿಂತಲೂ ಹಳೆಯದು. 1838ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ಮೋರಿಟ್ಸ್ ಹರ್ಮನ್ ಯಕೋಬಿ ಎಂಬ ವಿಜ್ಞಾನಿ, ತಾಮ್ರದ ಲವಣದ ದ್ರಾವಣದಲ್ಲಿ ವಿದ್ಯುತ್ ಹರಿಸಿ ಒಂದು ಮೂಲ ವಸ್ತುವಿನ ಮೇಲೆ ತಾಮ್ರವನ್ನು ಬೆಳೆಸಿ, ಅದರ ಯಥಾವತ್ತು ಅಚ್ಚನ್ನು ತೆಗೆಯುವ ವಿಧಾನವನ್ನು ಪ್ರಕಟಿಸಿದ. ಎರಡು ವರ್ಷಗಳಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂನ ಎಲ್ಕಿಂಗ್ಟನ್ ಸೋದರಸಂಬಂಧಿಗಳು ಬೆಳ್ಳಿಯ ಮುಲಾಮಿಗೆ ಹಕ್ಕುಪತ್ರ ಪಡೆದರು. ಆಮೇಲಂತೂ ಅದೊಂದು ಹುಚ್ಚೇ ಆಯಿತು. ಮೇಣದ ಗೊಂಬೆ, ಎಲೆ, ಹೂವು, ಕೀಟ ಹೀಗೆ ಕೈಗೆ ಸಿಕ್ಕಿದ್ದಕ್ಕೆಲ್ಲ ಗ್ರಾಫೈಟಿನ ಪುಡಿ ಬಳಿದು ತೊಟ್ಟಿಯಲ್ಲಿ ಅದ್ದುವುದು. ನಮ್ಮ ಸೀಸದ ಕಡ್ಡಿಯ ಒಳಗಿರುವ ಕಪ್ಪೇ ಈ ಗ್ರಾಫೈಟು. ಅದು ವಿದ್ಯುತ್ತನ್ನು ಹರಿಯಗೊಡುತ್ತದೆ. ಪುಡಿ ಬಳಿದ ಹೂವಿನ ಮೇಲೆ ತಾಮ್ರ ಬೆಳೆದು, ಒಳಗಿನ ಹೂವು ಒಣಗಿದ ಮೇಲೂ ಪಕಳೆಗಳ ಗೆರೆಗೆರೆಯೂ ಉಳಿಯುತ್ತಿತ್ತು.

ಈ ವಿದ್ಯೆ ನಿಜವಾಗಿ ಜನರ ಬದುಕಿಗೆ ಬಂದದ್ದು ಗ್ರಾಮಾಫೋನಿನ ಮೂಲಕ. ಹಾಡುಗಾರರ ದನಿಯನ್ನು ಮೊದಲು ಮೆತ್ತನೆಯ ಮೇಣದ ತಟ್ಟೆಯ ಮೇಲೆ ಗೆರೆಯಾಗಿ ಕೊರೆಯುತ್ತಿದ್ದರು. ಆ ಮೇಣವನ್ನು ಎರಡು ಸಲ ಮುಳ್ಳಿನ ಕೆಳಗೆ ಓಡಿಸಿದರೆ ಹಾಡೇ ಅಳಿಸಿಹೋದೀತು. ಆದ್ದರಿಂದ ಅದಕ್ಕೆ ಗ್ರಾಫೈಟು ಬಳಿದು, ಅದರ ಮೇಲೆ ತಾಮ್ರ ಬೆಳೆಸಿ, ಸುಲಿದು ತೆಗೆದು, ಆ ಲೋಹದ ಅಚ್ಚಿನಿಂದ ಸಾವಿರಾರು ತಟ್ಟೆಗಳನ್ನು ಒತ್ತುತ್ತಿದ್ದರು. ಎಡಿಸನ್ ಇನ್ನೂ ಮುಂದೆ ಹೋಗಿ, ಗಾಳಿ ತೆಗೆದ ಗಾಜಿನ ಗೂಡಿನೊಳಗೆ ಚಿನ್ನವನ್ನು ಆವಿ ಮಾಡಿ ಮೇಣದ ಮೇಲೆ ಕೂರಿಸಿದ. 1902ರಲ್ಲಿ ಮಾರುಕಟ್ಟೆಗೆ ಬಂದ ಅವನ ಉರುಳೆಗಳಿಗೆ ‘ಚಿನ್ನದ ಅಚ್ಚಿನವು’ ಎಂದೇ ಹೆಸರು. ಭಾರತದಲ್ಲಿ ಗ್ರಾಮಾಫೋನ್ ಕಂಪನಿ 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ತಟ್ಟೆ ಒತ್ತುವ ಕಾರ್ಖಾನೆ ತೆರೆಯಿತು, 1928ರಲ್ಲಿ ದಮ್‌ದಮ್‌ಗೆ ಸ್ಥಳಾಂತರಿಸಿತು. ಒತ್ತುತ್ತಿದ್ದ ತಟ್ಟೆಯ ಮುಖ್ಯ ಸಾಮಗ್ರಿ ಅರಗು, ಅಂದರೆ ನಮ್ಮದೇ ಕಾಡುಗಳ ಕೀಟ ಕೊಟ್ಟ, ಪ್ರಕೃತಿಯ ಪ್ಲಾಸ್ಟಿಕ್ಕು. ಅದಕ್ಕೆ ಕಲ್ಲಿನ ನುಣ್ಣನೆಯ ಪುಡಿ ಬೆರೆಸುತ್ತಿದ್ದುದರಿಂದ ತಟ್ಟೆಯೇ ಉಕ್ಕಿನ ಮುಳ್ಳನ್ನು ಸವೆಸುತ್ತಿತ್ತು. ಪ್ರತಿ ಹಾಡಿಗೂ ಹೊಸ ಮುಳ್ಳು ಹಾಕಬೇಕೆಂಬ ಹಿರಿಯರ ಕಟ್ಟುನಿಟ್ಟಿಗೆ ಕಾರಣ ಇದು.

ಆದರೆ ಗ್ರಾಮಾಫೋನಿನ ಅಚ್ಚಿನಲ್ಲಿ ಲೋಹದ ಪೊರೆ ಸುಲಿದು ಬರಬೇಕಿತ್ತು. ಗ್ರಾಫೈಟಿನ ಪುಡಿಗೆ ಹಿಡಿತವಿಲ್ಲದಿರುವುದೇ ಅಲ್ಲಿ ಅನುಕೂಲ. ಷವರಿನ ತಲೆಯ ಮೇಲಿನ ಪೊರೆ ಸುಲಿದು ಬಂದರೆ? ಬೇಕಾದದ್ದು ಅದಕ್ಕೆ ತೀರ ವಿರುದ್ಧವಾದ ಗುಣ. ಆ ದಿಕ್ಕಿನ ಮೊದಲ ಹೆಜ್ಜೆ ಅಕಸ್ಮಾತ್ತಾಗಿ ಬಿತ್ತು.

ಎರಡನೇ ಮಹಾಯುದ್ಧದ ಕಾಲ. ಅಮೆರಿಕದ ವಾಷಿಂಗ್‌ಟನ್ನಿನಲ್ಲಿದ್ದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಏಬ್ನರ್ ಬ್ರೆನರ್ ಮತ್ತು ಗ್ರೇಸ್ ರಿಡೆಲ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಕೊಳವೆಗಳ ಒಳಮೈಗೆ ನಿಕಲ್ ಮಿಶ್ರಲೋಹವನ್ನು ವಿದ್ಯುತ್ತಿನಿಂದ ಲೇಪಿಸುತ್ತಿದ್ದರು. ದ್ರಾವಣ ಕೆಡದಿರಲೆಂದು ಸೋಡಿಯಂ ಹೈಪೋಫಾಸ್ಫೈಟ್ ಎಂಬ ಲವಣವನ್ನು ಸೇರಿಸಿದರು. ಲೇಪಿಸಿ ತೆಗೆದಾಗ ಲೆಕ್ಕ ತಪ್ಪಿತು. ಇಷ್ಟು ವಿದ್ಯುತ್ತು ಹರಿದರೆ ಇಷ್ಟೇ ಲೋಹ ಕೂರಬೇಕೆಂಬುದು ಮೈಕೇಲ್ ಫ್ಯಾರಡೆ 1830ರ ದಶಕದಲ್ಲೇ ಕಂಡುಕೊಂಡ ನಿಯಮ. ಇಲ್ಲಿ ಕೊಟ್ಟ ವಿದ್ಯುತ್ತಿಗೆ ಸಲ್ಲಬೇಕಾದದ್ದಕ್ಕಿಂತ ಹೆಚ್ಚು ನಿಕಲ್ ಕೂತಿತ್ತು! ನೂರು ರೂಪಾಯಿ ಕೊಟ್ಟು ನೂರಿಪ್ಪತ್ತರ ಸಾಮಾನು ತಂದಂತೆ. ಸಾಲದ್ದಕ್ಕೆ, ವಿದ್ಯುತ್ತು ತಲಪದ ಕೊಳವೆಯ ಹೊರಮೈಗೂ ನಿಕಲ್ ಅಂಟಿತ್ತು. ಹೈಪೋಫಾಸ್ಫೈಟೇ ನಿಕಲ್ಲಿಗೆ ಎಲೆಕ್ಟ್ರಾನುಗಳನ್ನು ಕೊಟ್ಟು ಅದನ್ನು ಲೋಹವಾಗಿ ಇಳಿಸುತ್ತಿದೆ ಎಂದು ಅವರು ಗುರುತಿಸಿದರು. ಇದನ್ನೇ 1844ರಷ್ಟು ಹಿಂದೆ ಫ್ರಾನ್ಸಿನ ಆಡಾಲ್ಫ್ ವೂರ್ಟ್ಸ್ ಗಮನಿಸಿದ್ದ. ಆದರೆ ಅವನಿಗೆ ಸಿಕ್ಕಿದ್ದು ಬರಿಯ ಪುಡಿ. ಬ್ರೆನರ್ ಮತ್ತು ರಿಡೆಲ್ 1946ರಲ್ಲಿ ತಮ್ಮ ಶೋಧವನ್ನು ಪ್ರಕಟಿಸಿದರು. ತಂತಿಯಿಲ್ಲ, ಬ್ಯಾಟರಿಯಿಲ್ಲ, ಬಿಸಿ ದ್ರಾವಣದಲ್ಲಿ ಅದ್ದಿಟ್ಟರೆ ನಿಕಲ್ ತಾನಾಗಿ ಕೂರುತ್ತದೆ.

ತಾನಾಗಿ ಎಂದರೆ ಎಲ್ಲೆಂದರಲ್ಲಿ ಅಲ್ಲ. ಕೆಲಸ ಶುರುವಾಗಲು ಒಂದು ಪ್ರಚೋದನೆ ಬೇಕು. ಹಾಲಿಗೆ ಹೆಪ್ಪು ಹಾಕಿದಂತೆ ಎನ್ನಬಹುದು: ಒಂದು ತೊಟ್ಟು ಮಜ್ಜಿಗೆ ಬಿದ್ದ ಮೇಲೆ ಇಡೀ ಪಾತ್ರೆ ಮೊಸರಾಗುತ್ತದೆ, ಆ ಮೊಸರೇ ನಾಳಿನ ಹೆಪ್ಪು. ನಿಕಲ್ಲೂ ಹಾಗೆಯೇ, ಒಮ್ಮೆ ಕೂತ ನಿಕಲ್ ತನ್ನ ಮೇಲೆ ಇನ್ನಷ್ಟು ನಿಕಲ್ಲನ್ನು ಕೂರಿಸಿಕೊಳ್ಳುತ್ತ ಹೋಗುತ್ತದೆ. ಪ್ಲಾಸ್ಟಿಕ್ಕಿಗೆ ಬೇಕಾದ ಹೆಪ್ಪು ಪಲ್ಲಾಡಿಯಂ ಎಂಬ ಲೋಹ. ಅದು ದುಬಾರಿಯಾದದ್ದು. ಆದರೆ ಬೇಕಾಗುವುದು ಕಣ್ಣಿಗೆ ಕಾಣದಷ್ಟು. ಪಲ್ಲಾಡಿಯಂನ ಸೂಕ್ಷ್ಮ ಕಣಗಳನ್ನು ತವರದ ಲವಣದೊಂದಿಗೆ ಒಂದೇ ದ್ರಾವಣದಲ್ಲಿ ತೇಲಿಸಿಡುವ ವಿಧಾನಕ್ಕೆ ಅಮೆರಿಕದ ಚಾರ್ಲ್ಸ್ ಷಿಪ್ಲಿ 1961ರಲ್ಲಿ ಪೇಟೆಂಟ್ ಪಡೆದ ಮೇಲೆ ಹೆಪ್ಪು ಹಾಕುವುದು ಕಾರ್ಖಾನೆಯ ದಿನನಿತ್ಯದ ಕೆಲಸವಾಯಿತು.

ಹೆಪ್ಪು ಸಿಕ್ಕಿತು, ಹಿಡಿತ ಇನ್ನೂ ಸಿಕ್ಕಿರಲಿಲ್ಲ. ನುಣುಪಾದ ಗೋಡೆಗೆ ಗಾರೆ ನಿಲ್ಲುವುದಿಲ್ಲವೆಂದು ಮೇಸ್ತ್ರಿ ಉಳಿಯಿಂದ ಕಚ್ಚು ಹೊಡೆಯುತ್ತಾನಲ್ಲ, ಅಂಥದೇ ಉಪಾಯ ಬೇಕಿತ್ತು. ಮರಳು ಕಾಗದದಿಂದ ಉಜ್ಜಿ ನೋಡಿದರು. ಹಿಡಿತ ಸಾಲದು, ನುಣುಪೂ ಕೆಡುತ್ತದೆ. ಉತ್ತರ ಇದ್ದದ್ದು ಎ.ಬಿ.ಎಸ್.ನ ಹುಟ್ಟಿನಲ್ಲೇ. 1950ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಈ ಪ್ಲಾಸ್ಟಿಕ್ಕಿನ ಹೆಸರಿನ ಮೂರಕ್ಷರಗಳು ಅದರ ಮೂರು ಘಟಕಗಳನ್ನು ಸೂಚಿಸುತ್ತವೆ: ಅಕ್ರೈಲೋನೈಟ್ರೈಲ್, ಬ್ಯೂಟಡೈಈನ್, ಸ್ಟೈರೀನ್. ಮೊದಲಿನದು ಮತ್ತು ಕೊನೆಯದು ಸೇರಿ ಗಟ್ಟಿಯಾದ ಒಡಲು. ಬ್ಯೂಟಡೈಈನ್ ಎಂಬುದು ರಬ್ಬರಿನ ಮೂಲ. ಅದು ಆ ಒಡಲಿನೊಳಗೆ ಮೈಕ್ರಾನಿಗೂ ಚಿಕ್ಕದಾದ ಉಂಡೆಗಳಾಗಿ ಚದುರಿಕೊಂಡಿರುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಪೆಟ್ಟು ಬಿದ್ದಾಗ ಒಡೆಯದಿರಲೆಂದು ಬೆರೆಸಿದ ರಬ್ಬರು ಅದು.

ಈ ಪ್ಲಾಸ್ಟಿಕ್ಕನ್ನು ಕ್ರೋಮಿಕ್ ಆಮ್ಲ ಮತ್ತು ಗಂಧಕಾಮ್ಲಗಳ ಬಿಸಿ ಮಿಶ್ರಣದಲ್ಲಿ ಕೆಲವು ನಿಮಿಷ ಅದ್ದಿದರೆ, ಆಮ್ಲವು ಗಟ್ಟಿ ಒಡಲನ್ನು ಅಷ್ಟಾಗಿ ಮುಟ್ಟದೆ ಮೇಲ್ಮೈಯಲ್ಲಿರುವ ರಬ್ಬರಿನ ಉಂಡೆಗಳನ್ನು ಆರಿಸಿ ಆರಿಸಿ ತಿನ್ನುತ್ತದೆ. ಉಂಡೆ ಇದ್ದಲ್ಲಿ ಗುಳಿ ಉಳಿಯುತ್ತದೆ. ಸ್ವಾರಸ್ಯವಿರುವುದು ಈ ಗುಳಿಯ ಆಕಾರದಲ್ಲಿ. ಗಡಿಗೆಯಂತೆ ಬಾಯಿ ಕಿರಿದು, ಹೊಟ್ಟೆ ಅಗಲ. ಅದರೊಳಗೆ ಪಲ್ಲಾಡಿಯಂ ಹೆಪ್ಪು ಬಿದ್ದು, ನಿಕಲ್ ಬೆಳೆದು ತುಂಬಿಕೊಂಡರೆ ಮತ್ತೆ ಹೊರಬರಲಾರದು. ಗಡಿಗೆಗೆ ಕೈ ಹಾಕಿ ಕಡಲೆಯನ್ನು ಮುಷ್ಟಿಯಲ್ಲಿ ಹಿಡಿದ ಕೋತಿಯ ಕತೆ ಮಕ್ಕಳಿಗೂ ಗೊತ್ತು. ಇಲ್ಲಿ ಒಂದೊಂದು ಚದರ ಮಿಲಿಮೀಟರಿನಲ್ಲೂ ಅಂಥ ಲಕ್ಷಗಟ್ಟಲೆ ಮುಷ್ಟಿಗಳು. ಹೀಗೆ ಕೂರಿಸಿದ ಪೊರೆಯ ಒಂದು ಸೆಂಟಿಮೀಟರ್ ಅಗಲದ ಪಟ್ಟಿಯನ್ನು ಸುಲಿದೆಬ್ಬಿಸಲು ಸುಮಾರು ಒಂದು ಕಿಲೋಗ್ರಾಂ ಭಾರದಷ್ಟು ಎಳೆತ ಬೇಕಾಗುತ್ತದೆ. ಪ್ಲಾಸ್ಟಿಕ್ಕಿನಲ್ಲಿ ತೀರ ಮೆತ್ತನೆಯದು ಯಾವುದೋ ಅದೇ ಗಟ್ಟಿ ಲೋಹಕ್ಕೆ ನೆಲೆ ಕೊಟ್ಟಿತೆಂಬುದು ಈ ಕತೆಯ ಅತ್ಯಂತ ಸೊಗಸಾದ ಭಾಗ. ಇಂಥ ರಬ್ಬರಿನ ಉಂಡೆಗಳಿಲ್ಲದ ಪಾಲಿಥೀನಿನ ಬಕೆಟ್ಟಿಗೆ, ಕೊಡಕ್ಕೆ ಇದೇ ರೀತಿ ಕ್ರೋಮಿನ ಹೊಳಪು ಕೊಡಲಾಗದಿರುವುದೂ ಇದರಿಂದಲೇ. ಎ.ಬಿ.ಎಸ್.ನಲ್ಲೂ ಅಚ್ಚಿಗೆ ಪ್ಲಾಸ್ಟಿಕ್ಕನ್ನು ಅವಸರದಿಂದ ತುಂಬಿದರೆ ಉಂಡೆಗಳು ಎಳೆದಂತಾಗಿ ನೀಳವಾಗುತ್ತವೆ, ಗುಳಿಗಳು ಸರಿಯಾಗಿ ಮೂಡುವುದಿಲ್ಲ. ಕೆಲವು ತಿಂಗಳಲ್ಲೇ ಪೊರೆ ಗುಳ್ಳೆಯೆದ್ದು ಸುಲಿಯುತ್ತದೆ. ಬೈಗುಳ ಬೀಳುವುದು ಪ್ಲೇಟಿಂಗಿನವನಿಗೆ, ತಪ್ಪು ಅಚ್ಚಿನವನದು.

ತೆಳುವಾದ ನಿಕಲ್ ಪದರ ಬಂದೊಡನೆ ವಸ್ತು ವಿದ್ಯುತ್ತಿನ ದೃಷ್ಟಿಯಿಂದ ಲೋಹವೇ ಆಯಿತು. ಇನ್ನು ಮಾಮೂಲಿನ ವಿದ್ಯುಲ್ಲೇಪನದ ತೊಟ್ಟಿಗಳಿಗೆ ಇಳಿಸಬಹುದು. ಮೊದಲು ತಾಮ್ರ, ಅದರ ಮೇಲೆ ನಿಕಲ್, ಎಲ್ಲಕ್ಕಿಂತ ಮೇಲೆ ಕ್ರೋಮಿಯಂ. ತಾಮ್ರ ಮತ್ತು ನಿಕಲ್ ಹತ್ತಿಪ್ಪತ್ತು ಮೈಕ್ರಾನುಗಳ ಲೆಕ್ಕದಲ್ಲಿದ್ದರೆ ಕ್ರೋಮಿಯಂ ಮೈಕ್ರಾನಿನ ಮೂರನೆಯ ಒಂದು ಭಾಗದಷ್ಟು ಮಾತ್ರ. ಎಲ್ಲ ಸೇರಿದರೂ ತಲೆಗೂದಲಿನ ದಪ್ಪ ಮೀರುವುದಿಲ್ಲ. ‘ಕ್ರೋಮ್ ಪ್ಲೇಟಿಂಗ್’ ಎಂದು ನಾವು ಹೆಸರಿಸುವ ವಸ್ತುವಿನಲ್ಲಿ ಕ್ರೋಮಿನ ಪಾಲು ಇಷ್ಟೇ. ಇಷ್ಟು ತೆಳುವಾದ್ದರಿಂದಲೇ ಬಚ್ಚಲು ತೊಳೆಯುವ ಆಸಿಡ್ಡನ್ನು ನಲ್ಲಿಗೆ ಸೋಕಿಸಬಾರದು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕ್ರೋಮಿಯಂ ಕರಗಿ ಹೋಗುತ್ತದೆ.

ತಾಮ್ರಕ್ಕೆ ಅಲ್ಲಿ ಬೇರೆಯೇ ಕೆಲಸವಿದೆ. ಒಂದು ಮೀಟರ್ ಉದ್ದದ ಎ.ಬಿ.ಎಸ್. ಪಟ್ಟಿಯ ಶಾಖ 50 ಡಿಗ್ರಿ ಏರಿದರೆ ಅದು ಸುಮಾರು ನಾಲ್ಕು ಮಿಲಿಮೀಟರ್ ಹಿಗ್ಗುತ್ತದೆ. ನಿಕಲ್ ಹಿಗ್ಗುವುದು ಮುಕ್ಕಾಲು ಮಿಲಿಮೀಟರಿಗೂ ಕಡಿಮೆ. ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ನಿಂತ ಕಾರಿನ ಜಾಲರಿಯೊಳಗೆ ಒಂದು ನಾಲ್ಕು ಹೆಜ್ಜೆ ಹೋಗುತ್ತೇನೆಂದರೆ ಇನ್ನೊಂದು ಒಂದು ಹೆಜ್ಜೆಯನ್ನೂ ಪೂರ್ತಿ ಇಡಲೊಲ್ಲದು. ನಡುವೆ ಸಿಕ್ಕಿದ ತಾಮ್ರ ಮೆದುವಾದ ಲೋಹ. ಎರಡೂ ಕಡೆಗೆ ಬಗ್ಗಿ ಜಗಳ ತೀರಿಸುತ್ತದೆ. ಕೂಡುಕುಟುಂಬಗಳಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಿದ್ದರು.

ಈಗ ಗಡಸುತನದ ಮಾತಿಗೆ ಬರಬಹುದು. ವಜ್ರದ ಮೊನೆಯನ್ನು ಗೊತ್ತಾದ ಭಾರದಿಂದ ಒತ್ತಿ, ಬಿದ್ದ ಗುಳಿಯನ್ನು ಅಳೆದು ಗಡಸುತನವನ್ನು ಹೇಳುವ ವಿಕರ್ಸ್ ಎಂಬ ಮಾಪನವಿದೆ. ಅದರಲ್ಲಿ ಸಾಧಾರಣ ಮೆದು ಉಕ್ಕು 130ರ ಸುತ್ತಮುತ್ತ. ವಿದ್ಯುತ್ತಿಲ್ಲದೆ ಕೂರಿಸಿದ ನಿಕಲ್ಲಿನೊಳಗೆ ರಂಜಕವೂ ಸೇರಿರುವುದರಿಂದ ಅದು 500ರ ಸಮೀಪ. ಕ್ರೋಮಿಯಂ 800ರಿಂದ 1000. ಇಂಥ ಚರ್ಮ ತೊಟ್ಟ ಪ್ಲಾಸ್ಟಿಕ್ಕು ಉಕ್ಕಿಗಿಂತ ಗಟ್ಟಿಯಾಯಿತೆಂದು ಹೇಳಿಬಿಡಬಹುದೇ? ಹೇಳುವವರಿದ್ದಾರೆ, ಜಾಹೀರಾತುಗಳಲ್ಲಿ. ಕೆರೆ ಬತ್ತುವಾಗ ಅಂಚಿನ ಕೆಸರಿನ ಮೇಲೆ ಒಣ ಪದರವೊಂದು ಕಟ್ಟುತ್ತದೆ. ಕಡ್ಡಿಯಿಂದ ಗೀರಿದರೆ ಗಟ್ಟಿ, ಕೋಳಿ ಓಡಾಡಿದರೂ ಏನಾಗದು. ಎಮ್ಮೆ ಕಾಲಿಟ್ಟರೆ ಮೊಣಕಾಲುದ್ದ ಹುಗಿಯುತ್ತದೆ. ಲೋಹ ಹೊದ್ದ ಪ್ಲಾಸ್ಟಿಕ್ಕಿನ ಸ್ಥಿತಿಯೂ ಅದೇ. ಉಗುರು, ಧೂಳು, ಒರೆಸುವ ಬಟ್ಟೆ ಇವುಗಳ ಗೀರಿಗೆ ಜಗ್ಗದು. ಒಂದೇ ಕಡೆ ಭಾರ ಬಿದ್ದರೆ ಕೆಳಗಿನ ಪ್ಲಾಸ್ಟಿಕ್ಕು ತಗ್ಗಿ ಮೇಲಿನ ಪೊರೆ ಮೊಟ್ಟೆಯ ಚಿಪ್ಪಿನಂತೆ ಬಿರಿಯುತ್ತದೆ. ಪೊರೆಯ ಗಡಸುತನವನ್ನಷ್ಟೇ ಅಳೆಯಬೇಕಾದರೆ ವಜ್ರದ ಮೊನೆ ಅದರ ದಪ್ಪದ ಹತ್ತನೆಯ ಒಂದು ಭಾಗಕ್ಕಿಂತ ಆಳಕ್ಕೆ ಇಳಿಯಬಾರದೆಂದು ಪ್ರಯೋಗಾಲಯಗಳಲ್ಲಿ ಎಚ್ಚರ ವಹಿಸುವುದು ಇದಕ್ಕಾಗಿಯೇ. ಭಾರ ಹೊರುವ ಭಾಗಗಳಿಗೆ ನಿಕಲ್ಲಿನ ಪದರವನ್ನು ದಪ್ಪವಾಗಿ ಬೆಳೆಸಿ, ಒಡಲಿಗೆ ಗಾಜಿನ ಇಲ್ಲವೇ ಇಂಗಾಲದ ನಾರು ಬೆರೆಸಿ ಬಿಗಿ ಮಾಡಿಕೊಳ್ಳುತ್ತಾರೆ.

ಇನ್ನೊಂದು ಮಿತಿಯೂ ಇದೆ. ರಂಜಕ ಬೆರೆತ ಆ ನಿಕಲ್ಲನ್ನು 400 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿದರೆ ಅದರ ಗಡಸುತನ 500ರಿಂದ 900, 1000ಕ್ಕೆ ಏರುತ್ತದೆ. ಉಕ್ಕಿನ ಯಂತ್ರಭಾಗಗಳಿಗೆ ಹಾಗೆಯೇ ಮಾಡುತ್ತಾರೆ. ಪ್ಲಾಸ್ಟಿಕ್ಕಿನ ಮೇಲೆ ಕೂತ ನಿಕಲ್ಲಿಗೆ ಆ ಭಾಗ್ಯವಿಲ್ಲ. ಅಷ್ಟು ಶಾಖಕ್ಕೆ ಚರ್ಮ ಗಟ್ಟಿಯಾಗುವ ಹೊತ್ತಿಗೆ ಒಡಲೇ ಇರುವುದಿಲ್ಲ.

ಗಡಸುತನ ಬೇರೆ, ಸವೆಯದಿರುವಿಕೆ ಬೇರೆ ಎಂಬುದನ್ನು ಇಲ್ಲಿ ಮರೆಯಬಾರದು. ಲಾರಿಯ ಹಳೆಯ ಟೈರಿನಿಂದ ಹೊಲಿದ ಚಪ್ಪಲಿ ಉಗುರಿನಿಂದ ಒತ್ತಿದರೆ ತಗ್ಗುತ್ತದೆ, ಆದರೂ ಹೊಲದ ಕಲ್ಲುಮುಳ್ಳಿನಲ್ಲಿ ವರ್ಷಗಟ್ಟಲೆ ಬಾಳುತ್ತದೆ. ಹೆಲಿಕಾಪ್ಟರಿನ ರೆಕ್ಕೆಗಳ ವಿಷಯದಲ್ಲಿ ಈ ವ್ಯತ್ಯಾಸ ಪ್ರಾಣದ ಪ್ರಶ್ನೆ. ಈಗಿನ ಅನೇಕ ಹೆಲಿಕಾಪ್ಟರುಗಳ ರೆಕ್ಕೆ ನಾರು ಬೆರೆಸಿದ ಪ್ಲಾಸ್ಟಿಕ್ಕಿನದು. ಅದರ ತುದಿ ಸೆಕೆಂಡಿಗೆ 200 ಮೀಟರಿಗೂ ಮೀರಿದ ವೇಗದಲ್ಲಿ ಗಾಳಿಯನ್ನು ಸೀಳುವಾಗ ಮಳೆಹನಿಯೂ ಕಲ್ಲಿನಂತೆ ಬಡಿಯುತ್ತದೆ. ಅದಕ್ಕೆಂದು ರೆಕ್ಕೆಯ ಮುಂದಿನ ಅಂಚಿಗೆ ನಿಕಲ್ ಅಥವಾ ಟೈಟಾನಿಯಂನ ಕವಚ ತೊಡಿಸುತ್ತಾರೆ. ಮಳೆಯನ್ನು ಅದು ಚೆನ್ನಾಗಿ ತಡೆಯುತ್ತದೆ. ಮರಳಿನ ಎದುರು ಮಾತ್ರ ಅಷ್ಟಕ್ಕಷ್ಟೇ. ಮರುಭೂಮಿಯಲ್ಲಿ ರಾತ್ರಿ ಇಳಿಯುವ ಹೆಲಿಕಾಪ್ಟರಿನ ರೆಕ್ಕೆಗಳ ಸುತ್ತ ಪ್ರಭಾವಳಿಯಂತೆ ಬೆಳಕಿನ ಬಳೆ ಕಾಣಿಸುವುದುಂಟು; ಮರಳಿನ ಹೊಡೆತಕ್ಕೆ ಸಿಡಿದ ಲೋಹದ ಕಣಗಳು ಉರಿಯುವ ಬೆಳಕದು. ನೋಡಲು ಚಂದ, ಆದರೆ ಪ್ರತಿ ಕಿಡಿಯೂ ಕವಚದ ಸವೆತ. ಅಫ್ಘಾನಿಸ್ತಾನದಲ್ಲಿ ಅದನ್ನು ಸೆರೆ ಹಿಡಿದ ಛಾಯಾಗ್ರಾಹಕನೊಬ್ಬ 2009ರಲ್ಲಿ ಅಲ್ಲಿನ ಯುದ್ಧಕ್ಕೆ ಬಲಿಯಾದ ಇಬ್ಬರು ಸೈನಿಕರ ಹೆಸರನ್ನು ಆ ಬೆಳಕಿಗೆ ಇಟ್ಟ. ಮರಳಿಗೆ ಹೆಚ್ಚು ಎದೆಯೊಡ್ಡುವುದು ಪಾಲಿಯುರಿಥೇನ್ ಎಂಬ ರಬ್ಬರಿನಂಥ ಮೆತ್ತನೆಯ ಪಟ್ಟಿ. ಅದು ಮಳೆಯಲ್ಲಿ ಬೇಗ ಹಾಳಾಗುತ್ತದೆ. ಎರಡಕ್ಕೂ ಒಂದೇ ಮದ್ದಿಲ್ಲ.

ಹೊಳೆಯುವ ಪ್ಲಾಸ್ಟಿಕ್ಕೆಲ್ಲ ಈ ಜಾತಿಗೆ ಸೇರಿದ್ದಲ್ಲ. ಶಾಲೆಯ ವಾರ್ಷಿಕೋತ್ಸವದಲ್ಲಿ ಕೊಡುವ ಚಿನ್ನದ ಬಣ್ಣದ ಪ್ಲಾಸ್ಟಿಕ್ ಕಪ್ಪುಗಳ ಹೊಳಪು ಬೆವರು ಕೈ ಸೋಕಿ ಸೋಕಿ ಅಳಿಸುತ್ತದೆ. ಅದು ಗಾಳಿಯಿಲ್ಲದ ಪೆಟ್ಟಿಗೆಯಲ್ಲಿ ಅಲ್ಯೂಮಿನಿಯಂನ ಆವಿ ಹಿಡಿಸಿ ಮೇಲೆ ಬಣ್ಣದ ವಾರ್ನಿಷ್ ಬಳಿದದ್ದು. ಆ ಪೊರೆ ಮೈಕ್ರಾನಿನ ಹತ್ತನೆಯ ಒಂದು ಭಾಗವೂ ಇರುವುದಿಲ್ಲ. ಗಟ್ಟಿತನ ಕೊಡುವ ಉದ್ದೇಶವೂ ಅದಕ್ಕಿಲ್ಲ. ಚಿಪ್ಸ್ ಪೊಟ್ಟಣದ ಒಳಮೈ ಕೂಡ ಇದೇ ವಿದ್ಯೆ. 2013ರಲ್ಲಿ ಮಂಗಳನತ್ತ ಹೊರಟ, ಬೆಂಗಳೂರಿನಲ್ಲಿ ಕಟ್ಟಿದ ಇಸ್ರೋ ನೌಕೆಯ ಚಿತ್ರ ಕಂಡವರು ಅದಕ್ಕೆ ಚಿನ್ನದ ತಗಡು ಹೊದಿಸಿದ್ದಾರೆಂದು ಭಾವಿಸಿದ್ದುಂಟು. ಇಂಥ ಹೊದಿಕೆಯಲ್ಲಿರುವುದು ಪಾಲಿಇಮೈಡ್ ಎಂಬ ಜೇನುಬಣ್ಣದ ಪ್ಲಾಸ್ಟಿಕ್ ಹಾಳೆ. ಅದರ ಹಿಂಬದಿಗೆ ಹಿಡಿಸಿದ ಅಲ್ಯೂಮಿನಿಯಂ ಹೊಳಪು ಮುಂದಿನ ಬಣ್ಣದ ಮೂಲಕ ಚಿನ್ನವಾಗಿ ಕಾಣುತ್ತದೆ.

ಮತ್ತೆ ಆ ಗುಳಿಗಳ ಕಡೆಗೆ ಬರಬೇಕು. ರಬ್ಬರನ್ನು ಆರಿಸಿ ತಿನ್ನುವ ಕ್ರೋಮಿಕ್ ಆಮ್ಲದಲ್ಲಿ ಕ್ರೋಮಿಯಂ ಇರುವುದು ಆರು ವೇಲೆನ್ಸಿಯ ರೂಪದಲ್ಲಿ. ಕೊನೆಯ ಹೊಳಪಿನ ತೊಟ್ಟಿಯಲ್ಲೂ ಬಹುಕಾಲ ಬಳಸಿದ್ದು ಅದನ್ನೇ. ನಲ್ಲಿಯ ಮೇಲೆ ಕೂತ ಕ್ರೋಮಿಯಂ ನಿರುಪದ್ರವಿ ಲೋಹ, ಬಳಸುವವರು ಹೆದರಬೇಕಾಗಿಲ್ಲ. ಹೆದರಬೇಕಾದವನು ತೊಟ್ಟಿಯ ಪಕ್ಕ ನಿಲ್ಲುವ ಕೆಲಸಗಾರ. ಕ್ರೋಮ್ ತೊಟ್ಟಿಯಲ್ಲಿ ಹರಿಸಿದ ವಿದ್ಯುತ್ತಿನಲ್ಲಿ ನೂರಕ್ಕೆ ಹತ್ತಿಪ್ಪತ್ತು ಪಾಲು ಮಾತ್ರ ಲೋಹವನ್ನು ಕೂರಿಸುತ್ತದೆ. ಬ್ರೆನರ್ ಮತ್ತು ರಿಡೆಲ್‌ಗೆ ನೂರಕ್ಕಿಂತ ಹೆಚ್ಚು ಸಿಕ್ಕಿತ್ತು, ಇಲ್ಲಿ ಉಳಿದ ಎಂಬತ್ತು ತೊಂಬತ್ತು ಪಾಲು ಹೈಡ್ರೊಜನ್ ಗುಳ್ಳೆ ಎಬ್ಬಿಸುವುದಕ್ಕೇ ಖರ್ಚು. ಆ ಗುಳ್ಳೆಗಳು ಒಡೆದಾಗ ಕಿತ್ತಳೆಗೆಂಪು ದ್ರಾವಣ ಮಂಜಿನಂತೆ ಗಾಳಿಗೆ ಹಾರಿ ಉಸಿರಿಗೆ ಸೇರುತ್ತದೆ. ಕೈಬೆರಳಲ್ಲಿ ಮಾಯದ ಹುಣ್ಣು, ಮೂಗಿನ ಎರಡು ಹೊಳ್ಳೆಗಳ ನಡುವಿನ ಗೋಡೆಯಲ್ಲೇ ತೂತು: ಕ್ರೋಮಿಯಂ ಕೆಲಸಗಾರರ ಈ ಕಾಯಿಲೆಗಳು 19ನೇ ಶತಮಾನದಿಂದಲೂ ವೈದ್ಯರಿಗೆ ಗೊತ್ತಿದ್ದವು. 1990ರಲ್ಲಿ ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಆರು ವೇಲೆನ್ಸಿಯ ಕ್ರೋಮಿಯಂ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವೆಂಬ ಪಟ್ಟಿಗೆ ಅದನ್ನು ಸೇರಿಸಿತು. ಮಂಜನ್ನು ತಗ್ಗಿಸಲು ತೊಟ್ಟಿಗೆ ಬೆರೆಸುತ್ತಿದ್ದ ಪಿ.ಎಫ್.ಓ.ಎಸ್. ಎಂಬ ನೊರೆಕಾರಕವೂ ಮಣ್ಣುನೀರಿನಲ್ಲಿ ಅಳಿಯದೆ ಉಳಿಯುವ ವಿಷವೆಂದು ತಿಳಿದು 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿರ್ಬಂಧಿತ ಪಟ್ಟಿಗೆ ಬಂತು.

ತೊಟ್ಟಿಯ ನೀರು ಎಲ್ಲಿಗಾದರೂ ಹರಿಯಲೇಬೇಕು. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಸಣ್ಣಪುಟ್ಟ ಪ್ಲೇಟಿಂಗ್ ಘಟಕಗಳು ದಶಕಗಳಿಂದ ಕೆಲಸ ಮಾಡಿವೆ. ಅವುಗಳಲ್ಲಿ ಹೆಚ್ಚಿನವು ಲೇಪ ಹಾಕುವುದು ಲೋಹದ ಭಾಗಗಳಿಗೇ. ಅಲ್ಲಿನ ಅಂತರ್ಜಲದಲ್ಲಿ ಈ ಕ್ರೋಮಿಯಂ ಇರುವುದನ್ನು ಅಧ್ಯಯನಗಳು ದಾಖಲಿಸಿವೆ. ಕುಡಿಯುವ ನೀರಿನಲ್ಲಿ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಕೊಳವೆಬಾವಿಯ ನೀರಿಗೆ ಹಳದಿಯ ಛಾಯೆ ಬಂದು ಕಣ್ಣಿಗೆ ಕಾಣುವ ಹೊತ್ತಿಗೆ ಆ ಮಿತಿ ಎಂದೋ ದಾಟಿರುತ್ತದೆ.

ಯೂರೋಪಿನ ಒಕ್ಕೂಟದಲ್ಲಿ 2017ರ ಸೆಪ್ಟೆಂಬರ್ 21ರ ನಂತರ ಕ್ರೋಮಿಯಂ ಟ್ರೈಆಕ್ಸೈಡನ್ನು ವಿಶೇಷ ಅನುಮತಿಯಿಲ್ಲದೆ ಬಳಸುವಂತಿಲ್ಲವೆಂಬ ನಿಯಮ ಬಂತು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ವಾಯು ಮಂಡಳಿ 2023ರಲ್ಲಿ ಪ್ಲೇಟಿಂಗ್ ತೊಟ್ಟಿಗಳಿಂದ ಅದನ್ನು ಹಂತ ಹಂತವಾಗಿ ಹೊರಹಾಕಲು ತೀರ್ಮಾನಿಸಿತು. ಬದಲಿಗಳೂ ಬಂದಿವೆ. ಗುಳಿ ತೋಡಲು ಪರ್ಮ್ಯಾಂಗನೇಟ್ ಬಳಸುವವರಿದ್ದಾರೆ; ಕ್ರೋಮಿಕ್ ಆಮ್ಲದಷ್ಟು ಸಲೀಸಾಗಿ ಅದು ಎಲ್ಲ ಬಗೆಯ ಪ್ಲಾಸ್ಟಿಕ್ಕಿಗೂ ಒಗ್ಗುವುದಿಲ್ಲ. ತೊಟ್ಟಿಗಳನ್ನೇ ಬಿಟ್ಟು ಗಾಳಿಯಿಲ್ಲದ ಪೆಟ್ಟಿಗೆಯಲ್ಲಿ ಕ್ರೋಮಿಯಂ ಕಣಗಳನ್ನು ಹಿಡಿಸುವ ಕ್ರಮವೂ ಇದೆ. ಪದರ ತೆಳುವಾದ್ದರಿಂದ ಗೀರು ತಡೆಯಲು ಮೇಲೆ ವಾರ್ನಿಷ್ ಬೇಕಾಗುತ್ತದೆ.

ಕೊನೆಯ ಹೊಳಪಿಗೆ ಮೂರು ವೇಲೆನ್ಸಿಯ ಕ್ರೋಮಿಯಂನ ಹಸಿರು ದ್ರಾವಣ ಈಗ ಸಾಕಷ್ಟು ಕಡೆ ಬಳಕೆಯಲ್ಲಿದೆ. ಅದರ ವಿಷ ತೀರ ಕಡಿಮೆ, ಕೆಲಸವೂ ಅಚ್ಚುಕಟ್ಟು. ತೊಡಕೊಂದು ಉಳಿದಿದೆ. ಹಳೆಯ ತೊಟ್ಟಿಯ ಕ್ರೋಮಿಗೆ ತಿಳಿ ನೀಲಿಯ ಮಿಂಚಿರುತ್ತದೆ. ಹೊಸ ತೊಟ್ಟಿಯದು ತುಸು ಕಪ್ಪಗೆ, ಕೆಲವೊಮ್ಮೆ ಹಳದಿಗೆ ತಿರುಗಿದಂತೆ ಕಾಣುತ್ತದೆ. ಒಂದೇ ಕಾರಿನ ಜಾಲರಿ ಒಂದು ತೊಟ್ಟಿಯಿಂದ, ಬಾಗಿಲ ಹಿಡಿಕೆ ಇನ್ನೊಂದು ತೊಟ್ಟಿಯಿಂದ ಬಂದರೆ ಬಿಸಿಲಿನಲ್ಲಿ ಎರಡರ ಬಣ್ಣ ಬೇರೆ ಬೇರೆ. ತಲೆಮಾರುಗಳಿಂದ ನೀಲಿ ಮಿಂಚಿಗೇ ಒಗ್ಗಿದ ಕಣ್ಣಿಗೆ ಹೊಸದು ಮಾಸಲಾಗಿ ತೋರುತ್ತದೆ. ಅದಕ್ಕಾಗಿ ಹಸಿರು ದ್ರಾವಣದಿಂದಲೇ ಆ ನೀಲಿಯನ್ನು ಬರಿಸುವ ರಾಸಾಯನಿಕ ಪಾಕಗಳ ಮೇಲೆ ಪ್ಲೇಟಿಂಗ್ ಉದ್ಯಮದ ಪ್ರಯೋಗಾಲಯಗಳು ಕೆಲಸ ಮಾಡುತ್ತಿವೆ.